ಫ್ರಿಜ್ಜಿನ ತಕರಾರು: ಗ್ಯಾಸ್ ಮುಗಿಯಿತು ಎನ್ನುವ ಮುನ್ನ

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ಫ್ರಿಜ್ಜಿಗೆ ಸಂಬಂಧಿಸಿದವು. ಅವನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ ‘ಗ್ಯಾಸ್ ಖಾಲಿಯಾಗಿರಬೇಕು’ ಎಂಬ ಮಾತು ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಆದ್ದರಿಂದ ಉತ್ತರಗಳಿಗೆ ಮೊದಲು ಒಂದು ವಿಷಯವನ್ನು ಹೇಳಿಬಿಡುತ್ತೇನೆ. ಫ್ರಿಜ್ ತಂಪನ್ನು ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೆ. ಕೊಳವೆಗಳೊಳಗೆ ಸುತ್ತುವ ಶೀತಕವು (ನಾವು ಗ್ಯಾಸ್ ಎನ್ನುವುದು ಇದನ್ನೇ) ಒಳಗಿನ ಕಾಯಿಲ್‌ನಲ್ಲಿ ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ, ಹಿಂಬದಿಯ ಅಥವಾ ಪಕ್ಕದ ಕಂಡೆನ್ಸರ್‌ನಲ್ಲಿ ಮತ್ತೆ ದ್ರವವಾಗುವಾಗ ಅದನ್ನು ಕೋಣೆಯ ಗಾಳಿಗೆ ಬಿಡುತ್ತದೆ. ಈ ಸುತ್ತನ್ನು ನಡೆಸುವುದು ಕಂಪ್ರೆಸರ್. ಹೀಗಿರುವಾಗ, ಹೊರಗಿನ ಶಾಖ ಒಳಗೆ ನುಗ್ಗುತ್ತಿದೆಯೇ, ಹೀರಿದ ಶಾಖ ಹೊರಗೆ ಹೋಗಲು ದಾರಿಯಿದೆಯೇ, ಒಳಗೆ ತಣ್ಣನೆಯ ಗಾಳಿ ಓಡಾಡುತ್ತಿದೆಯೇ ಎಂಬುದನ್ನು ನೋಡಿದ ಮೇಲಷ್ಟೇ ಗ್ಯಾಸಿನ ಮಾತು ಬರಬೇಕು.

ಪ್ರಶ್ನೆ: ನಮ್ಮದು ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್. ಮೇಲಿನ ಫ್ರೀಜರ್‌ನಲ್ಲಿ ನೀರು ಕಲ್ಲಿನಂತೆ ಹೆಪ್ಪುಗಟ್ಟುತ್ತದೆ, ಆದರೆ ಕೆಳಗಿಟ್ಟ ಹಾಲು ಮರುದಿನಕ್ಕೇ ಹುಳಿಯಾಗುತ್ತದೆ. ನೋಡಲು ಬಂದ ಮೆಕ್ಯಾನಿಕ್ ಗ್ಯಾಸ್ ತುಂಬಿಸಬೇಕು ಎಂದರು. ತುಂಬಿಸಬಹುದೇ?

ಉತ್ತರ: ಸದ್ಯಕ್ಕೆ ಬೇಡ. ಗ್ಯಾಸ್ ಸೋರಿದ್ದರೆ ಫ್ರೀಜರ್‌ನ ತಂಪೂ ಕುಂದಬೇಕಿತ್ತು. ಫ್ರೀಜರ್ ಗಟ್ಟಿಯಾಗಿದ್ದು ಕೆಳಭಾಗ ಮಾತ್ರ ಬೆಚ್ಚಗಾಗಿದೆ ಎಂದರೆ, ಬಹುಮಟ್ಟಿಗೆ ತಂಪು ಹುಟ್ಟುತ್ತಿದೆ, ಕೆಳಗೆ ತಲುಪುತ್ತಿಲ್ಲ ಎಂದೇ ಅರ್ಥ.

ಈ ಬಗೆಯ ಹೆಚ್ಚಿನ ಫ್ರಿಜ್‌ಗಳಲ್ಲಿ ಇರುವುದು ಒಂದೇ ಕೂಲಿಂಗ್ ಕಾಯಿಲ್. ಅದು ಫ್ರೀಜರ್‌ನ ಹಿಂಗೋಡೆಯ ಪ್ಲಾಸ್ಟಿಕ್ ಫಲಕದ ಹಿಂದೆ ಅಡಗಿರುತ್ತದೆ. ಅದರ ಬಳಿಯಿರುವ ಸಣ್ಣ ಫ್ಯಾನ್ ತಣ್ಣನೆಯ ಗಾಳಿಯನ್ನು ಫ್ರೀಜರ್‌ಗೆ ಊದುತ್ತದೆ, ಅದರಲ್ಲಿ ಒಂದು ಪಾಲು ಗಾಳಿ ಕೊಳವೆಯ ಮೂಲಕ ಕೆಳಗಿನ ಭಾಗಕ್ಕೆ ಇಳಿಯುತ್ತದೆ. ಗಾಳಿಯಲ್ಲಿರುವ ತೇವವು ಕಾಯಿಲ್ ಮೇಲೆ ಹಿಮವಾಗಿ ಕೂರುವುದರಿಂದ, ದಿನಕ್ಕೆ ಕೆಲವು ಸಲ ಕಂಪ್ರೆಸರ್ ನಿಂತು, ಕಾಯಿಲ್‌ಗೆ ಅಂಟಿಕೊಂಡಿರುವ ಹೀಟರ್ ಸ್ವಲ್ಪ ಹೊತ್ತು ಉರಿದು ಆ ಹಿಮವನ್ನು ಕರಗಿಸುವ ವ್ಯವಸ್ಥೆಯಿದೆ. ಇದಕ್ಕೇ ಡಿಫ್ರಾಸ್ಟ್ ಎನ್ನುವುದು. ಹೀಟರ್ ಸುಟ್ಟಿದ್ದರೆ, ಅದನ್ನು ಹಚ್ಚುವ ಟೈಮರ್ ಅಥವಾ ಬೋರ್ಡ್ ಕೆಟ್ಟಿದ್ದರೆ, ಕಾಯಿಲ್‌ನ ಬಿಸಿಯನ್ನು ಗಮನಿಸುವ ಬೈಮೆಟಲ್ ಅಥವಾ ಸೆನ್ಸರ್ ಹೋಗಿದ್ದರೆ, ಹಿಮ ಕರಗದೆ ದಿನದಿಂದ ದಿನಕ್ಕೆ ದಪ್ಪವಾಗುತ್ತದೆ. ಇಂಥ ಫಲಕವೊಂದನ್ನು ಬಿಚ್ಚಿದಾಗ ಕಾಣುವ ದೃಶ್ಯ ಮರೆಯುವಂಥದ್ದಲ್ಲ: ಒಂದೊಂದು ಎಲೆಯೂ ಬಿಡಿಬಿಡಿಯಾಗಿ ಕಾಣಬೇಕಾದ ಕಾಯಿಲ್ ಒಂದೇ ಬಿಳಿಯ ಗಟ್ಟಿಯಾಗಿರುತ್ತದೆ, ಫ್ಯಾನಿನ ರೆಕ್ಕೆ ಅದಕ್ಕೆ ತಗುಲಿ ಕರಕರ ಸದ್ದು ಮಾಡುತ್ತಿರುತ್ತದೆ ಅಥವಾ ಸಿಕ್ಕಿಹಾಕಿಕೊಂಡು ನಿಂತೇಹೋಗಿರುತ್ತದೆ. ಫ್ರೀಜರ್ ಹೇಗೋ ತಣ್ಣಗಿರುತ್ತದೆ, ಕೆಳಗೆ ಗಾಳಿ ಇಳಿಯುವ ದಾರಿ ಮುಚ್ಚಿರುತ್ತದೆ.

ನೀವೇ ಮಾಡಬಹುದಾದ ಪರೀಕ್ಷೆ ಇದು. ಮೊದಲು, ಫ್ರೀಜರ್‌ನ ಗಾಳಿಕಿಂಡಿಗಳಿಗೆ ಪೊಟ್ಟಣಗಳು ಅಡ್ಡವಾಗಿ ಕೂತಿಲ್ಲವೇ ನೋಡಿ. ಎಷ್ಟೋ ಸಲ ತಕರಾರು ಅಲ್ಲಿಗೇ ಮುಗಿಯುತ್ತದೆ. ಬಳಿಕ ಕಂಪ್ರೆಸರ್ ಓಡುತ್ತಿರುವಾಗ ಫ್ರೀಜರ್ ಬಾಗಿಲನ್ನು ತೆರೆದು, ಚೌಕಟ್ಟಿನಲ್ಲಿರುವ ಬಾಗಿಲ ಸ್ವಿಚ್ಚನ್ನು ಬೆರಳಿನಿಂದ ಒತ್ತಿಹಿಡಿಯಿರಿ. ಬಾಗಿಲು ತೆರೆದಾಗ ಫ್ಯಾನ್ ನಿಲ್ಲುವ ಮಾದರಿಯಾದರೆ ಈಗ ಅದು ತಿರುಗುವ ಸದ್ದು ಕೇಳಿಸಬೇಕು. ಕೇಳಿಸದಿದ್ದರೆ ಫ್ರಿಜ್ಜನ್ನು ಖಾಲಿ ಮಾಡಿ, ಪ್ಲಗ್ ತೆಗೆದು, ಎರಡೂ ಬಾಗಿಲುಗಳನ್ನು ತೆರೆದಿಟ್ಟು, ಕೆಳಗೆ ಬಟ್ಟೆ ಹಾಸಿ ಒಂದು ಇಡೀ ದಿನ ಹಾಗೆಯೇ ಬಿಡಿ. ನಾಲ್ಕೈದು ಗಂಟೆಗೆ ಅವಸರಪಟ್ಟು ಹಚ್ಚಬೇಡಿ. ಫಲಕದ ಹಿಂದಿನ ಗಡ್ಡೆ ಅಷ್ಟು ಬೇಗ ಕರಗುವುದಿಲ್ಲ. ಮತ್ತೆ ಹಚ್ಚಿದ ಮೇಲೆ ಕೆಲವು ದಿನ ಚೆನ್ನಾಗಿ ನಡೆದು, ವಾರ ಹದಿನೈದು ದಿನಗಳಲ್ಲಿ ಹಳೆಯ ಪಾಡೇ ಮರುಕಳಿಸಿದರೆ, ದೋಷ ಡಿಫ್ರಾಸ್ಟ್ ವ್ಯವಸ್ಥೆಯಲ್ಲಿದೆ ಎಂದು ಬಹುತೇಕ ಖಚಿತವಾಗಿ ಹೇಳಬಹುದು. ಮೆಕ್ಯಾನಿಕ್‌ಗೆ ‘ತಣ್ಣಗಾಗುತ್ತಿಲ್ಲ’ ಎಂದಷ್ಟೇ ಹೇಳದೆ ‘ಒಂದು ದಿನ ಆರಿಸಿಟ್ಟರೆ ಸರಿಹೋಗಿ ಮತ್ತೆ ಕೆಡುತ್ತದೆ’ ಎಂದು ಹೇಳಿ. ಕೆಲಸ ಬಲ್ಲವರು ಆ ಒಂದು ಮಾತಿಗೇ ಗ್ಯಾಸ್ ಸಿಲಿಂಡರನ್ನು ಬದಿಗಿಟ್ಟು ಮೀಟರನ್ನು ಕೈಗೆತ್ತಿಕೊಳ್ಳುತ್ತಾರೆ.

ಫ್ಯಾನ್ ಸರಿಯಾಗಿ ತಿರುಗುತ್ತಿದ್ದು, ಹಿಮವೂ ಕಟ್ಟಿಲ್ಲದಿದ್ದರೆ, ಕೆಳಗೆ ಇಳಿಯುವ ಗಾಳಿಯ ಪ್ರಮಾಣವನ್ನು ನಿಯಂತ್ರಿಸುವ ಡ್ಯಾಂಪರ್ ಎಂಬ ಪುಟ್ಟ ಕದ ಮುಚ್ಚಿಕೊಂಡು ನಿಂತಿರಬಹುದು. ಅದನ್ನು ಮೆಕ್ಯಾನಿಕ್ ಪರೀಕ್ಷಿಸಲಿ.

ಪ್ರಶ್ನೆ: ಒಳಗಿನ ದೀಪ ಉರಿಯುತ್ತದೆ, ಆದರೆ ಫ್ರಿಜ್ ಓಡುವುದಿಲ್ಲ. ಕೆಲವು ನಿಮಿಷಗಳಿಗೊಮ್ಮೆ ಹಿಂದಿನಿಂದ ಗುಂಯ್ ಎಂಬ ಸದ್ದು ಬಂದು, ‘ಟಿಕ್’ ಎಂದು ನಿಂತುಹೋಗುತ್ತದೆ. ಕಂಪ್ರೆಸರ್ ಸುಟ್ಟುಹೋಗಿದೆಯೇ?

ಉತ್ತರ: ಸುಟ್ಟಿರಲೂಬಹುದು, ಆದರೆ ಆ ತೀರ್ಮಾನಕ್ಕೆ ಬರುವ ಮೊದಲು ಪರೀಕ್ಷಿಸಬೇಕಾದ ಎರಡು ಮೂರು ಸಂಗತಿಗಳಿವೆ. ನಿಮಗೆ ಕೇಳಿಸುತ್ತಿರುವ ‘ಟಿಕ್’ ಓವರ್‌ಲೋಡ್ ಎಂಬ ರಕ್ಷಕದ್ದು. ಕಂಪ್ರೆಸರ್ ತಿರುಗಲು ಹೆಣಗಿ, ತಿರುಗಲಾರದೆ, ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ; ಆಗ ಓವರ್‌ಲೋಡ್ ಕರೆಂಟನ್ನು ಕಡಿಯುತ್ತದೆ, ಕೆಲವು ನಿಮಿಷಗಳಲ್ಲಿ ತಾನು ತಣ್ಣಗಾದ ಮೇಲೆ ಮತ್ತೆ ಕೊಡುತ್ತದೆ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ತಿರುಗಲು ಆಗದಿರುವುದೇಕೆ ಎಂಬುದು ನಮ್ಮ ಪ್ರಶ್ನೆ.

ಮೊದಲನೆಯ ಸಂಶಯ ವೋಲ್ಟೇಜಿನ ಮೇಲೆ. ವೋಲ್ಟೇಜ್ ತೀರ ಇಳಿದಿರುವಾಗ ದೀಪ, ಅದರಲ್ಲೂ ಎಲ್‌ಇಡಿ ದೀಪ, ಎಂದಿನಂತೆಯೇ ಉರಿಯುತ್ತದೆ, ಕಂಪ್ರೆಸರ್ ಮಾತ್ರ ಏಳುವುದಿಲ್ಲ. ಫ್ರಿಜ್ಜಿಗೆ ಎಕ್ಸ್‌ಟೆನ್ಷನ್ ವೈರಿನಿಂದ ಕರೆಂಟ್ ಕೊಟ್ಟಿದ್ದರೆ ಅದನ್ನು ತೆಗೆದು ಗೋಡೆಯ ಸಾಕೆಟ್ಟಿಗೇ ನೇರವಾಗಿ ಚುಚ್ಚಿ. ತೆಳುವಾದ ಉದ್ದನೆಯ ವೈರ್, ಕಂಪ್ರೆಸರ್ ಎದ್ದೇಳುವ ಕ್ಷಣಕ್ಕೆ ಬೇಕಾದ ಕರೆಂಟನ್ನು ಒದಗಿಸಲಾರದು. ಎರಡನೆಯದು ಒತ್ತಡ. ಓಡುತ್ತಿದ್ದ ಫ್ರಿಜ್ಜನ್ನು ಆರಿಸಿ ಆ ಗಳಿಗೆಯಲ್ಲೇ ಮತ್ತೆ ಹಚ್ಚಿದರೆ, ಕೊಳವೆಗಳ ಎರಡು ಬದಿಯ ಒತ್ತಡ ಇನ್ನೂ ಸಮವಾಗಿರುವುದಿಲ್ಲ. ಕಂಪ್ರೆಸರ್ ಆ ಭಾರವನ್ನು ತಳ್ಳಿ ತಿರುಗಲಾರದು. ಕರೆಂಟ್ ಹೋಗಿ ಬಂದು ಹೋಗಿ ಬಂದು ಆಟವಾಡುವಾಗ ಆಗುವುದೂ ಇದೇ. ಆರಿಸಿದ ಮೇಲೆ ಕನಿಷ್ಠ ಐದು ನಿಮಿಷ ಬಿಡಬೇಕೆನ್ನುವುದು ಈ ಕಾರಣಕ್ಕೆ.

ಇವೆರಡೂ ಅಲ್ಲವಾದರೆ ಮೂರನೆಯದಾಗಿ ಸ್ಟಾರ್ಟಿಂಗ್ ರಿಲೇ. ಕಂಪ್ರೆಸರ್‌ನ ಪಕ್ಕಕ್ಕೆ ಅಂಟಿಕೊಂಡಿರುವ ಬೆಂಕಿಪೊಟ್ಟಣದ ಗಾತ್ರದ ಈ ಭಾಗ, ಮೋಟರಿಗೆ ಏಳುವ ಹೊತ್ತಿನಲ್ಲಿ ಒಂದು ಕೈ ಕೊಟ್ಟು ಬಳಿಕ ಸುಮ್ಮನಾಗುತ್ತದೆ. ಇದರೊಳಗಿನ ಬಿಲ್ಲೆ ಒಡೆದುಹೋದಾಗ, ರಿಲೇಯನ್ನು ಬಿಚ್ಚಿ ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಒಳಗೆ ಚೂರುಗಳು ಗಿಲಗಿಲ ಎನ್ನುತ್ತವೆ, ಮೂಗಿಗೆ ಸುಟ್ಟ ವಾಸನೆಯೂ ಬರುತ್ತದೆ. ಇದು ಕಂಪ್ರೆಸರ್‌ಗೆ ಹೋಲಿಸಿದರೆ ತೀರ ಅಗ್ಗದ ಭಾಗ. ರಿಲೇ ಬದಲಿಸಿ ನೋಡದೆ ಕಂಪ್ರೆಸರ್ ಬದಲಿಸಲು ಒಪ್ಪಬೇಡಿ. ಬಿಚ್ಚುವ ಕೆಲಸ ಮಾತ್ರ ಬಲ್ಲವರದೇ ಆಗಿರಲಿ, ಅದೂ ಪ್ಲಗ್ ತೆಗೆದ ಮೇಲೆ. ಅವರು ಬರುವ ತನಕ ಫ್ರಿಜ್ಜನ್ನು ಆರಿಸಿಯೇ ಇಡಿ. ಹೀಗೆ ಗಂಟೆಗಟ್ಟಲೆ ಹೆಣಗಾಡಲು ಬಿಟ್ಟರೆ ಚೆನ್ನಾಗಿರುವ ಕಂಪ್ರೆಸರೂ ಸುಡುತ್ತದೆ. ನಿಮ್ಮದು ಇನ್ವರ್ಟರ್ ಕಂಪ್ರೆಸರ್, ಎಂದರೆ ಬೇಕಾದಂತೆ ವೇಗ ಬದಲಿಸಿಕೊಳ್ಳುವಂಥದ್ದು, ಆಗಿದ್ದರೆ ಅದರಲ್ಲಿ ಈ ರಿಲೇ ಇರುವುದಿಲ್ಲ, ಅದನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡನ್ನು ನೋಡಿಸಬೇಕಾಗುತ್ತದೆ.

ಪ್ರಶ್ನೆ: ತರಕಾರಿ ಟ್ರೇ ಕೆಳಗೆ ಪ್ರತಿದಿನ ನೀರು ನಿಲ್ಲುತ್ತದೆ. ಒರೆಸಿ ಒರೆಸಿ ಸಾಕಾಗಿದೆ. ನೀರು ಎಲ್ಲಿಂದ ಬರುತ್ತದೆ?

ಉತ್ತರ: ಗಾಳಿಯಿಂದ. ನೀವು ಬಾಗಿಲು ತೆರೆದಾಗಲೆಲ್ಲ ಒಳನುಗ್ಗುವ ಗಾಳಿಯ ತೇವವೇ ಹಿಂಗೋಡೆಯಲ್ಲಿ ಹನಿಗಟ್ಟಿ ಅಥವಾ ಹಿಮವಾಗಿ ಕರಗಿ ಕೆಳಗೆ ಇಳಿಯುತ್ತದೆ. ಅದು ಇಳಿಯಲೆಂದೇ ಹಿಂಗೋಡೆಯ ಬುಡದಲ್ಲಿ ಒಂದು ಸಣ್ಣ ಕಾಲುವೆ, ಅದರ ನಡುವೆ ಕಿರುಬೆರಳೂ ಹೋಗದಂಥ ಒಂದು ತೂತು ಇರುತ್ತದೆ. ನೀರು ಆ ತೂತಿನಿಂದ ಹಿಂಬದಿಗೆ ಹರಿದು, ಕಂಪ್ರೆಸರ್‌ನ ಮೇಲಿರುವ ತಟ್ಟೆಯಲ್ಲಿ ಸೇರಿ, ಕಂಪ್ರೆಸರ್‌ನ ಬಿಸಿಗೆ ತಾನಾಗಿ ಆವಿಯಾಗುತ್ತದೆ. ಹೊರಗೆ ಹಾಕಬೇಕಾದ ಶಾಖವನ್ನೇ ನೀರನ್ನು ಆರಿಸಲು ಬಳಸಿಕೊಂಡ ಈ ಏರ್ಪಾಡು ನನಗೆ ಇವತ್ತಿಗೂ ಮೆಚ್ಚುಗೆ.

ನಿಮ್ಮ ಫ್ರಿಜ್ಜಿನಲ್ಲಿ ಆ ತೂತು ಕಟ್ಟಿಕೊಂಡಿದೆ. ಸೊಪ್ಪಿನ ಎಲೆಯ ಚೂರು, ಪೊಟ್ಟಣದ ಕಾಗದದ ತುಣುಕು, ಲೋಳೆ, ಇವೇ ಸಾಮಾನ್ಯ ಕಾರಣಗಳು. ಪ್ಲಗ್ ತೆಗೆದು, ಟ್ರೇಯನ್ನು ಹೊರಗಿಟ್ಟು, ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ, ಸೂಜಿಯಿಲ್ಲದ ಸಿರಿಂಜ್‌ನಿಂದ ತೂತಿನೊಳಗೆ ಮೆಲ್ಲಗೆ ತಳ್ಳಿ. ಹತ್ತಿ ಸುತ್ತಿದ ಕಡ್ಡಿಯನ್ನೋ ಮೆದುವಾದ ಪ್ಲಾಸ್ಟಿಕ್ ಕೊಳವೆಯನ್ನೋ ಬಳಸಬಹುದು. ಚೂಪಾದ ತಂತಿ ಮಾತ್ರ ಬೇಡ, ಅದು ಒಳಗಿನ ಕೊಳವೆಯನ್ನು ಹರಿಯಬಹುದು. ಹಿಂಬದಿಯ ತಟ್ಟೆಗೆ ನೀರು ತೊಟ್ಟಿಕ್ಕುವ ಸದ್ದು ಕೇಳಿಸಿದರೆ ಕೆಲಸ ಮುಗಿಯಿತು. ಫ್ರಾಸ್ಟ್ ಫ್ರೀ ಮಾದರಿಗಳಲ್ಲಿ ಈ ತೂತು ಫ್ರೀಜರ್ ಫಲಕದ ಹಿಂದೆ ಇದ್ದು ಅಲ್ಲಿಯೇ ಹಿಮಗಟ್ಟಿಕೊಂಡಿರಲೂಬಹುದು. ಆಗ ಮೊದಲ ಉತ್ತರದಲ್ಲಿ ಹೇಳಿದಂತೆ ಒಂದು ದಿನ ಆರಿಸಿಟ್ಟು ನೋಡಬೇಕು.

ಪ್ರಶ್ನೆ: ಹೊಸ ಫ್ರಿಜ್ಜಿನ ಎರಡು ಪಕ್ಕಗಳೂ ಕೈಯಿಟ್ಟರೆ ಚುರುಕ್ ಎನ್ನುವಷ್ಟು ಬಿಸಿಯಾಗುತ್ತವೆ. ಹಳೆಯ ಫ್ರಿಜ್ ಹೀಗಿರಲಿಲ್ಲ. ಭಯಪಡಬೇಕೇ?

ಉತ್ತರ: ಬೇಡ. ಹಳೆಯದರಲ್ಲಿ ಹಿಂಬದಿಗೆ ಕಾಣುತ್ತಿದ್ದ ಕರಿಯ ಜಾಲರಿಯೇ ಹೊಸದರಲ್ಲಿ ಪಕ್ಕದ ಗೋಡೆಗಳೊಳಗೆ ಸೇರಿಕೊಂಡಿದೆ. ಶಾಖ ಹೊರಬರುತ್ತಿರುವ ಗುರುತು ಅದು. ಹೊಸದಾಗಿ ಹಚ್ಚಿದ ದಿನ ಮತ್ತು ಹೆಚ್ಚು ಸಾಮಾನು ತುಂಬಿದ ದಿನ ಬಿಸಿ ಇನ್ನಷ್ಟು ಹೆಚ್ಚುತ್ತದೆ. ಪಕ್ಕಗಳಿಗೂ ಗೋಡೆಗೂ ನಡುವೆ ಕೈ ತೂರುವಷ್ಟಾದರೂ ಜಾಗ ಬಿಡಿ, ಮೇಲೆ ಬಟ್ಟೆ ಹೊದಿಸಬೇಡಿ. ಜಾಲರಿ ಹಿಂಬದಿಗೇ ಇರುವವರು ಆರು ತಿಂಗಳಿಗೊಮ್ಮೆ ಪ್ಲಗ್ ತೆಗೆದು ಮೆದುವಾದ ಬ್ರಷ್‌ನಿಂದ ಅದರ ಧೂಳನ್ನು ತೆಗೆಯುವುದು ಒಳ್ಳೆಯದು.

ಪ್ರಶ್ನೆ: ಒಂದು ಬಾಗಿಲಿನ ಫ್ರಿಜ್ಜಿನ ಫ್ರೀಜರ್‌ನಲ್ಲಿ ಅಂಟಿಕೊಂಡಿದ್ದ ಹಿಮವನ್ನು ಚಾಕುವಿನಿಂದ ಬಿಡಿಸುತ್ತಿದ್ದಾಗ ‘ಸುಸ್’ ಎಂಬ ಸದ್ದು ಬಂತು. ಅಂದಿನಿಂದ ಫ್ರಿಜ್ ತಣ್ಣಗಾಗಿಲ್ಲ. ಸರಿಪಡಿಸಬಹುದೇ?

ಉತ್ತರ: ನಿಮ್ಮ ಪತ್ರವನ್ನು ಓದುವಾಗ ಆ ಸದ್ದು ನನ್ನ ಕಿವಿಯಲ್ಲಿ ಮತ್ತೆ ಕೇಳಿಸಿದಂತಾಯಿತು. ಈ ಕೆಲಸವನ್ನು ಕಲಿಯುವ ಮೊದಲು ನಾನೂ ನಮ್ಮ ಮನೆಯ ಫ್ರಿಜ್ಜನ್ನು ಹೀಗೆಯೇ ಹಾಳುಮಾಡಿದವನು. ಮಂಜಿನಲ್ಲಿ ಹೂತುಹೋಗಿದ್ದ ಐಸ್ ಟ್ರೇಯನ್ನು ಎಬ್ಬಿಸಲು ಚಾಕುವಿನ ತುದಿಯನ್ನು ಒಂದಿಷ್ಟು ಒತ್ತಿದ್ದೆ, ಅಷ್ಟೆ. ನಿಮ್ಮದರಂಥ, ಫ್ಯಾನ್ ಇಲ್ಲದ ಡೈರೆಕ್ಟ್ ಕೂಲ್ ಫ್ರಿಜ್‌ಗಳಲ್ಲಿ ಫ್ರೀಜರ್ ಪೆಟ್ಟಿಗೆಯ ಗೋಡೆಯೇ ಕೂಲಿಂಗ್ ಕಾಯಿಲ್. ಎರಡು ತೆಳುವಾದ ಅಲ್ಯೂಮಿನಿಯಂ ತಗಡುಗಳ ನಡುವೆ ಶೀತಕ ಹರಿಯುವ ದಾರಿಗಳನ್ನು ಉಬ್ಬಿಸಿರುತ್ತಾರೆ. ಚಾಕುವಿನ ತುದಿ ಅದನ್ನು ಸುಲಭವಾಗಿ ತೂರುತ್ತದೆ.

ಇಲ್ಲಿ ಗ್ಯಾಸ್ ಹೋಗಿರುವುದು ನಿಜ. ಆದರೆ ಗ್ಯಾಸ್ ತುಂಬಿಸುವುದಷ್ಟೇ ಪರಿಹಾರವಲ್ಲ. ತೂತನ್ನು ಅಂಟು ಹಚ್ಚಿ ಮುಚ್ಚುವ ರಿಪೇರಿಗಳು ಬಹುಕಾಲ ಬಾಳುವುದು ಅಪರೂಪ. ಸಾಧ್ಯವಿದ್ದರೆ ಫ್ರೀಜರ್ ಪೆಟ್ಟಿಗೆಯನ್ನೇ ಬದಲಿಸುವುದು ಲೇಸು. ತೂತು ಬಿದ್ದ ಮೇಲೆಯೂ ಫ್ರಿಜ್ಜನ್ನು ಓಡಿಸಿದ್ದರೆ ಕೊಳವೆಗಳೊಳಗೆ ಗಾಳಿಯೂ ತೇವವೂ ಸೇರಿಕೊಂಡಿರುತ್ತವೆ, ಹಾಗಾಗಿ ಎಷ್ಟು ದಿನ ಓಡಿಸಿದಿರಿ ಎಂಬುದನ್ನು ಮೆಕ್ಯಾನಿಕ್‌ಗೆ ಮುಚ್ಚುಮರೆಯಿಲ್ಲದೆ ಹೇಳಿ. ಫ್ರಿಜ್ ಬಹಳ ಹಳೆಯದಾಗಿದ್ದರೆ ಈ ರಿಪೇರಿಗೆ ಕೈಹಾಕುವುದನ್ನು ನಾನು ಸೂಚಿಸುವುದಿಲ್ಲ.

ಇತರ ಓದುಗರಿಗಾಗಿ ಒಂದು ಎಚ್ಚರಿಕೆ. ಇಂದಿನ ಬಹಳಷ್ಟು ಮನೆಬಳಕೆಯ ಫ್ರಿಜ್‌ಗಳಲ್ಲಿರುವ ಆರ್-600ಎ ಎಂಬ ಶೀತಕ ಐಸೋಬ್ಯೂಟೇನ್, ಎಂದರೆ ಉರಿಯುವ ಅನಿಲ. ಪ್ರಮಾಣ ಕೆಲವು ಹತ್ತು ಗ್ರಾಂಗಳಷ್ಟೇ ಇದ್ದರೂ, ಹೀಗೆ ಸೋರಿದಾಗ ಹತ್ತಿರದ ಒಲೆಯನ್ನು ಆರಿಸಿ, ಕಿಟಕಿ ಬಾಗಿಲುಗಳನ್ನು ತೆರೆದು, ಫ್ರಿಜ್ಜಿನ ಪ್ಲಗ್ಗಿಗೆ ಕೈಹಾಕುವ ಬದಲು ದೂರದಲ್ಲಿರುವ ಮುಖ್ಯ ಸ್ವಿಚ್ಚನ್ನು ಆರಿಸುವುದು ಕ್ಷೇಮ. ಹಿಮ ಕಾಲು ಅಂಗುಲ ದಪ್ಪವಾಗುವಾಗಲೇ ಫ್ರಿಜ್ಜನ್ನು ಆರಿಸಿ ಕರಗಲು ಬಿಡಿ. ಅವಸರವಿದ್ದರೆ ಫ್ರೀಜರ್ ಒಳಗೆ ಒಂದು ಬಟ್ಟಲು ಬಿಸಿನೀರನ್ನು ಇಟ್ಟರೆ ಸಾಕು.

ಪ್ರಶ್ನೆ: ಎರಡು ವರ್ಷಗಳಲ್ಲಿ ಮೂರು ಸಲ ಗ್ಯಾಸ್ ತುಂಬಿಸಿದ್ದೇನೆ. ಪ್ರತಿ ಸಲವೂ ಕೆಲವು ತಿಂಗಳು ನಡೆದು ಮತ್ತೆ ಮೊದಲಿನಂತಾಗುತ್ತದೆ. ಗ್ಯಾಸ್ ಇಷ್ಟು ಬೇಗ ಖರ್ಚಾಗುವುದೇಕೆ?

ಉತ್ತರ: ಗ್ಯಾಸ್ ಖರ್ಚಾಗುವುದೇ ಇಲ್ಲ. ವಾಹನದ ಇಂಧನದಂತೆ ಅದು ಉರಿದುಹೋಗುವ ವಸ್ತುವಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ಫ್ರಿಜ್ಜಿನ ಆಯುಸ್ಸಿನುದ್ದಕ್ಕೂ ಸುತ್ತುತ್ತಿರಬೇಕು. ಒಂದು ಸಲ ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ, ಮೂರು ಸಲ ಕಡಿಮೆಯಾಗಿದೆ ಎಂದರೆ ಆ ಸೋರಿಕೆಯನ್ನು ಮೂರು ಸಲವೂ ಯಾರೂ ಹುಡುಕಿಲ್ಲ ಎಂದು ಅರ್ಥ. ತಳ ತೂತಾದ ಕೊಡಕ್ಕೆ ನೀರು ಹೊಯ್ದಂತೆ ನಡೆದಿದೆ ನಿಮ್ಮ ರಿಪೇರಿ.

ಗ್ಯಾಸ್ ಕಡಿಮೆಯಾಗಿರುವುದರ ಗುರುತುಗಳು ಇವು: ಕಂಪ್ರೆಸರ್ ಒಂದೇ ಸಮನೆ ಓಡುತ್ತಿರುತ್ತದೆ, ಕಂಡೆನ್ಸರ್ ಎಂದಿನಷ್ಟು ಬಿಸಿಯಾಗುವುದಿಲ್ಲ, ಫ್ರೀಜರ್ ಪೆಟ್ಟಿಗೆಯ ಗೋಡೆಗಳಲ್ಲಿ ಎಲ್ಲೆಡೆ ಸಮನಾಗಿ ಕೂರಬೇಕಾದ ಹಿಮವು ಒಂದು ಮೂಲೆಗಷ್ಟೇ ಕಟ್ಟಿ ಉಳಿದ ಭಾಗ ಬೋಳಾಗಿರುತ್ತದೆ. ಆದರೆ ಕ್ಯಾಪಿಲರಿ ಎಂಬ ಕೂದಲೆಳೆಯಂಥ ಕೊಳವೆ ಕಟ್ಟಿಕೊಂಡಾಗಲೂ ಹೆಚ್ಚುಕಡಿಮೆ ಇವೇ ಲಕ್ಷಣಗಳು ಕಾಣಿಸುವುದರಿಂದ, ಕಣ್ಣಳತೆಯ ಮೇಲೆ ತೀರ್ಪು ಕೊಡುವುದು ಸರಿಯಲ್ಲ.

ಈ ಸಲ ಕೆಲಸ ಮಾಡಿಸುವಾಗ ಎದುರಿಗೇ ನಿಂತು ನೋಡಿ. ಸೋರುವ ಜಾಗವನ್ನು ಒತ್ತಡ ಕೊಟ್ಟು, ಸೋಪಿನ ನೊರೆ ಹಚ್ಚಿಯೋ ಉಪಕರಣದಿಂದಲೋ ಪತ್ತೆಮಾಡಿ ಮುಚ್ಚಬೇಕು. ಕೊಳವೆಯನ್ನು ತೆರೆದ ಮೇಲೆ, ತೇವ ಹೀರುವ ಫಿಲ್ಟರ್ ಡ್ರೈಯರ್ ಎಂಬ ತಾಮ್ರದ ಗುಂಡನ್ನು ಬದಲಿಸಬೇಕು. ಬಳಿಕ ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಗಾಳಿ ತೇವಗಳನ್ನೆಲ್ಲ ಎಳೆದುಹಾಕಬೇಕು, ಇದಕ್ಕೆ ಸಮಯ ಹಿಡಿಯುತ್ತದೆ. ಕೊನೆಗೆ ಫ್ರಿಜ್ಜಿನ ಚೀಟಿಯಲ್ಲಿ ನಮೂದಿಸಿರುವ ಶೀತಕವನ್ನೇ, ನಮೂದಿಸಿರುವಷ್ಟೇ ಗ್ರಾಂ ತೂಗಿ ತುಂಬಬೇಕು. ಆರ್-600ಎ ಇರುವ ಫ್ರಿಜ್ಜಿಗೆ ಆರ್-134ಎ ಹಾಕುವಂತಿಲ್ಲ; ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ತಕ್ಕಡಿಯೂ ಇಲ್ಲದೆ, ಪಂಪೂ ಇಲ್ಲದೆ ಕಾಲು ಗಂಟೆಯಲ್ಲಿ ಗ್ಯಾಸ್ ತುಂಬಿ ಕೈ ತೊಳೆದುಕೊಳ್ಳುವವರ ಕೆಲಸವನ್ನು ನಾನು ರಿಪೇರಿ ಎಂದು ಕರೆಯಲಾರೆ.

ಪ್ರಶ್ನೆ: ಬಾಗಿಲ ರಬ್ಬರ್ ಬದಲಿಸಬೇಕೆಂದು ತಿಳಿಯುವುದು ಹೇಗೆ? ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ.

ಉತ್ತರ: ಕಣ್ಣನ್ನು ನಂಬಬೇಡಿ, ಕಾಗದವನ್ನು ನಂಬಿ. ಪುಸ್ತಕದ ಹಾಳೆಯಷ್ಟು ದಪ್ಪದ ಒಂದು ಕಾಗದದ ಪಟ್ಟಿಯನ್ನು ಅರ್ಧ ಒಳಗೆ ಅರ್ಧ ಹೊರಗೆ ಬರುವಂತೆ ಇಟ್ಟು ಬಾಗಿಲು ಮುಚ್ಚಿ, ಮೆಲ್ಲಗೆ ಎಳೆಯಿರಿ. ಗ್ಯಾಸ್ಕೆಟ್ ಸರಿಯಿದ್ದರೆ ಕಾಗದ ತಡೆಯುತ್ತ, ಬಿಗಿಯಾಗಿ ಜಾರುತ್ತದೆ. ಯಾವ ಪ್ರತಿರೋಧವೂ ಇಲ್ಲದೆ ಕೈಗೆ ಬಂದುಬಿಟ್ಟರೆ ಆ ಜಾಗದಲ್ಲಿ ಗಾಳಿ ನುಗ್ಗುತ್ತಿದೆ. ಹೀಗೆ ಬಾಗಿಲಿನ ನಾಲ್ಕೂ ಬದಿಗಳಲ್ಲಿ ಗೇಣಿಗೊಂದರಂತೆ ಪರೀಕ್ಷಿಸಿ, ಮೂಲೆಗಳನ್ನೂ ಬಾಗಿಲು ತಿರುಗುವ ಕೀಲಿನ ಬದಿಯನ್ನೂ ಬಿಡಬೇಡಿ. ರಾತ್ರಿ ಕೋಣೆಯನ್ನು ಕತ್ತಲಾಗಿಸಿ, ಒಳಗೆ ಉರಿಯುವ ಟಾರ್ಚ್ ಇಟ್ಟು ಬಾಗಿಲು ಮುಚ್ಚಿದರೆ ಸೋರುವ ಜಾಗದಲ್ಲಿ ಬೆಳಕಿನ ಗೆರೆ ಕಾಣುವುದೂ ಉಂಟು.

ಸಡಿಲವಾಗಿದೆ ಎಂದ ಮಾತ್ರಕ್ಕೆ ಹೊಸದನ್ನು ತರಬೇಕಾಗಿಲ್ಲ. ಮಡಿಕೆಗಳಲ್ಲಿ ಸೇರಿದ ಜಿಡ್ಡು, ಒಣಗಿದ ಸಿಹಿ, ಇವೇ ರಬ್ಬರನ್ನು ಎತ್ತಿ ಹಿಡಿದಿರಬಹುದು. ಸೋಪು ಬೆರೆಸಿದ ಬೆಚ್ಚಗಿನ ನೀರಿನಿಂದ ತೊಳೆದು ಒರೆಸಿ. ಮಡಚಿಕೊಂಡು ಆಕಾರ ಕೆಟ್ಟಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕಾವು ಕೊಟ್ಟು, ಬೆರಳಿನಿಂದ ನೇರ ಮಾಡಿ, ಕೆಲವು ಗಂಟೆ ಬಾಗಿಲು ಮುಚ್ಚಿಡಿ. ಒಳಗಿರುವ ಆಯಸ್ಕಾಂತದ ಪಟ್ಟಿ ಅದನ್ನು ಎಳೆದು ಕೂರಿಸುತ್ತದೆ. ಹರಿದಿದ್ದರೆ, ಗಡುಸಾಗಿ ಬಿರುಕುಬಿಟ್ಟಿದ್ದರೆ ಬದಲಿಸುವುದೇ ಸರಿ. ಫ್ರಿಜ್ಜಿನ ಮುಂದಿನ ಎರಡು ಕಾಲುಗಳನ್ನು ತಿರುಗಿಸಿ ತುಸು ಎತ್ತರಿಸಿದರೆ, ಅರ್ಧ ತೆರೆದ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಸೋರುವ ಬಾಗಿಲಿನ ಫ್ರಿಜ್ಜಿನಲ್ಲಿ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಹಿಮ ಬೇಗ ಕಟ್ಟುತ್ತದೆ, ಒಳಗೆಲ್ಲ ಬೆವರುತ್ತದೆ. ಇಷ್ಟನ್ನೂ ಕಂಡು ಮತ್ತೆ ಗ್ಯಾಸನ್ನೇ ದೂರುವವರಿದ್ದಾರೆ.

ಪ್ರಶ್ನೆ: ಬಾಗಿಲು ಮುಚ್ಚಿದ ತಕ್ಷಣ ಮತ್ತೆ ತೆರೆಯಲು ಹೋದರೆ ಯಾರೋ ಒಳಗಿನಿಂದ ಎಳೆದುಹಿಡಿದಂತೆ ಬಿಗಿಯಾಗಿರುತ್ತದೆ. ಏನು ದೋಷ?

ಉತ್ತರ: ದೋಷವಲ್ಲ, ಗ್ಯಾಸ್ಕೆಟ್ ಚೆನ್ನಾಗಿದೆ ಎಂಬುದಕ್ಕೆ ಪುರಾವೆ. ಒಳಗೆ ಸೇರಿದ ಬೆಚ್ಚಗಿನ ಗಾಳಿ ಥಟ್ಟನೆ ತಣ್ಣಗಾಗಿ ಕುಗ್ಗುವುದರಿಂದ ಹೊರಗಿನ ಗಾಳಿಯ ಒತ್ತಡ ಬಾಗಿಲನ್ನು ಅದುಮುತ್ತದೆ. ಒಂದೆರಡು ನಿಮಿಷ ತಾಳಿದರೆ ಸರಿಹೋಗುತ್ತದೆ.

ಪ್ರಶ್ನೆ: ಥರ್ಮೋಸ್ಟಾಟ್ ಗುಬುಟನ್ನು ಎಷ್ಟರಲ್ಲಿ ಇಡಬೇಕು? ಚಳಿಗಾಲದಲ್ಲಿ ಕಡಿಮೆ ಮಾಡಿದರೆ ಫ್ರೀಜರ್‌ನಲ್ಲಿರುವುದೆಲ್ಲ ಮೆತ್ತಗಾಗುತ್ತದೆ.

ಉತ್ತರ: ಗುಬುಟಿನ ಮೇಲಿನ ಅಂಕಿಗಳು ಡಿಗ್ರಿಗಳಲ್ಲ, ಸಾಮಾನ್ಯವಾಗಿ ಅಂಕಿ ಹೆಚ್ಚಿದಷ್ಟೂ ತಂಪು ಹೆಚ್ಚು. ಕೆಳಗಿನ ಭಾಗ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೂ ಫ್ರೀಜರ್ -18 ಡಿಗ್ರಿಯಲ್ಲೂ ಇರಬೇಕು. ಅಳೆಯಲು ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಅದ್ದಿ, ನಡುವಿನ ಅರೆಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಮೊದಲ ಸಲ ಬಾಗಿಲು ತೆರೆದಾಗ ನೋಡಿ. ಗಾಳಿಯ ಉಷ್ಣತೆ ಬಾಗಿಲು ತೆರೆದೊಡನೆ ಬದಲಾಗುತ್ತದೆ, ನೀರಿನದು ಬದಲಾಗುವುದಿಲ್ಲ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬಾರದು.

ಚಳಿಗಾಲದ ನಿಮ್ಮ ಅನುಭವ ವಿಚಿತ್ರವೆನಿಸಿದರೂ ಸಹಜವೇ. ಒಂದೇ ಥರ್ಮೋಸ್ಟಾಟ್ ಇರುವ ಫ್ರಿಜ್‌ಗಳಲ್ಲಿ ಅದು ಗಮನಿಸುವುದು ಹೆಚ್ಚಾಗಿ ಕೆಳಗಿನ ಭಾಗವನ್ನು. ಕೋಣೆಯೇ ತಣ್ಣಗಿರುವಾಗ ಕೆಳಭಾಗ ಬೇಗ ಬಿಸಿಯೇರುವುದಿಲ್ಲ, ಆದ್ದರಿಂದ ಕಂಪ್ರೆಸರ್ ಓಡುವ ಹೊತ್ತು ಕಡಿಮೆಯಾಗುತ್ತದೆ, ಅದರ ಏಟು ಬೀಳುವುದು ಫ್ರೀಜರ್‌ಗೆ. ಅಂಥ ಫ್ರಿಜ್ಜಿನಲ್ಲಿ ಚಳಿಗಾಲಕ್ಕೆ ಅಂಕಿಯನ್ನು ಇಳಿಸದೆ ನಡುವಿನಲ್ಲೇ ಇಡಿ. ಬಿಸಿಲುಗಾಲದಲ್ಲಿ ಗುಬುಟನ್ನು ಕೊನೆಯ ಅಂಕಿಗೆ ತಿರುಗಿಸಿಬಿಟ್ಟರೆ ಬೇಗ ತಣ್ಣಗಾಗುತ್ತದೆ ಎಂಬ ನಂಬಿಕೆಯೂ ಇದೆ. ಸಾಧಾರಣ ಕಂಪ್ರೆಸರ್‌ಗೆ ಇರುವುದು ಒಂದೇ ವೇಗ. ಗುಬುಟು ನಿರ್ಧರಿಸುವುದು ಅದು ಯಾವಾಗ ನಿಲ್ಲಬೇಕು ಎಂಬುದನ್ನು ಮಾತ್ರ.

ಪ್ರಶ್ನೆ: ಬರಿಗಾಲಿನಲ್ಲಿ ನಿಂತು ಬಾಗಿಲ ಹಿಡಿ ಮುಟ್ಟಿದರೆ ಸಣ್ಣಗೆ ಜುಮ್ಮೆನ್ನುತ್ತದೆ.

ಉತ್ತರ: ಈ ಸಾಲನ್ನು ಓದಿದೊಡನೆ ಫ್ರಿಜ್ಜಿನ ಪ್ಲಗ್ಗನ್ನು ಮುಟ್ಟದೆ, ಅದರ ಸ್ವಿಚ್ಚನ್ನು ಒಣಗಿದ ಕೈಯಿಂದ ಆರಿಸಿ, ಸರಿಯಾಗುವ ತನಕ ಬಳಸಬೇಡಿ. ಫ್ರಿಜ್ಜಿನೊಳಗೆ ಎಲ್ಲೋ ಕರೆಂಟ್ ಲೋಹದ ಮೈಗೆ ಸೋರುತ್ತಿದೆ, ಜೊತೆಗೆ ಅದನ್ನು ನೆಲಕ್ಕೆ ಹರಿಸಬೇಕಾದ ಅರ್ತಿಂಗ್ ಕೆಲಸ ಮಾಡುತ್ತಿಲ್ಲ. ಎರಡನ್ನೂ ನೋಡಿಸಬೇಕು. ಕಾಲ ಕೆಳಗೆ ರಬ್ಬರ್ ಚಾಪೆ ಹಾಸಿಕೊಳ್ಳುವುದು ಪರಿಹಾರವಲ್ಲ.

ಪ್ರಶ್ನೆ: ಕರೆಂಟ್ ಹೋದಾಗ ಒಳಗಿನ ಪದಾರ್ಥಗಳು ಎಷ್ಟು ಹೊತ್ತು ಸುರಕ್ಷಿತ?

ಉತ್ತರ: ಬಾಗಿಲನ್ನು ತೆರೆಯದಿದ್ದರೆ ಕೆಳಗಿನ ಭಾಗ ಸುಮಾರು 4 ಗಂಟೆ ತಂಪನ್ನು ಹಿಡಿದಿಡುತ್ತದೆ. ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು ಸುಮಾರು 24 ಗಂಟೆ ತಡೆಯುತ್ತದೆ. ಹೆಪ್ಪುಗಟ್ಟಿದ ಪದಾರ್ಥಗಳೇ ಒಂದನ್ನೊಂದು ತಣ್ಣಗಿಡುತ್ತವೆ. ಹಾಲು, ಮಾಂಸ, ಬೇಯಿಸಿದ ಆಹಾರ ಇವು 4 ಡಿಗ್ರಿಗಿಂತ ಹೆಚ್ಚಿನ ಉಷ್ಣತೆಯಲ್ಲಿ 2 ಗಂಟೆಗೂ ಮಿಕ್ಕಿ ಇದ್ದರೆ ಚೆಲ್ಲಿಬಿಡಿ. ವಾಸನೆ ನೋಡಿಯೋ ನಾಲಗೆಗೆ ಹಚ್ಚಿಯೋ ತೀರ್ಮಾನಿಸಬೇಡಿ. ಬಹುದಿನ ಊರಿನಲ್ಲಿ ಇರದವರಿಗೆ ಒಂದು ಉಪಾಯ: ಲೋಟದಲ್ಲಿ ನೀರನ್ನು ಹೆಪ್ಪುಗಟ್ಟಿಸಿ, ಅದರ ಮೇಲೆ ಒಂದು ನಾಣ್ಯವನ್ನಿಟ್ಟು ಫ್ರೀಜರ್‌ನಲ್ಲಿ ಬಿಟ್ಟುಹೋಗಿ. ಮರಳಿ ಬಂದಾಗ ನಾಣ್ಯ ಮಂಜುಗಡ್ಡೆಯೊಳಗೆ ಮುಳುಗಿದ್ದರೆ, ನೀವಿಲ್ಲದಾಗ ಎಲ್ಲವೂ ಕರಗಿ ಮತ್ತೆ ಹೆಪ್ಪುಗಟ್ಟಿದೆ.

ಪ್ರಶ್ನೆ: ಒಳಗೆಲ್ಲ ತೊಳೆದು ಸೋಡಾ ಇಟ್ಟರೂ ದುರ್ವಾಸನೆ ಹೋಗುತ್ತಿಲ್ಲ.

ಉತ್ತರ: ಒಳಗಲ್ಲ, ಹಿಂಬದಿಗೆ ಹೋಗಿ. ಕಂಪ್ರೆಸರ್ ಮೇಲಿನ ನೀರಿನ ತಟ್ಟೆಯನ್ನು ವರ್ಷಗಟ್ಟಲೆ ಯಾರೂ ನೋಡಿರುವುದಿಲ್ಲ. ಪ್ಲಗ್ ತೆಗೆದು, ಕಂಪ್ರೆಸರ್ ತಣಿದ ಮೇಲೆ ಅದನ್ನು ತೊಳೆಯಿರಿ. ನೀರಿಳಿಯುವ ತೂತನ್ನೂ ಮೇಲೆ ಹೇಳಿದಂತೆ ಶುಚಿಮಾಡಿ.

ಪ್ರಶ್ನೆ: ನಾನು ಎಂಟನೆಯ ತರಗತಿಯಲ್ಲಿ ಓದುತ್ತಿದ್ದೇನೆ. ಫ್ರಿಜ್ಜಿನ ಬಾಗಿಲು ಮುಚ್ಚಿದಾಗ ಒಳಗಿನ ದೀಪ ನಿಜವಾಗಿಯೂ ಆರುತ್ತದೆಯೇ? ಕೇಳಿದರೆ ಮನೆಯವರೆಲ್ಲ ನಗುತ್ತಾರೆ.

ಉತ್ತರ: ನಗಬೇಕಾದ ಪ್ರಶ್ನೆಯಲ್ಲ, ಮಗೂ. ಫೋನಿನಲ್ಲಿ ವಿಡಿಯೋ ಚಾಲೂ ಮಾಡಿ, ದೀಪದ ಕಡೆಗೆ ಮುಖಮಾಡಿ ಅರೆಯ ಮೇಲೆ ಒರಗಿಸಿಟ್ಟು, ಬಾಗಿಲು ಮುಚ್ಚಿ ಅರ್ಧ ನಿಮಿಷದ ಬಳಿಕ ತೆಗೆದು ನೋಡು. ಬಾಗಿಲು ಹತ್ತಿರವಾದಂತೆ ಚೌಕಟ್ಟಿನ ಸ್ವಿಚ್ ಒತ್ತಿಕೊಂಡು ವಿಡಿಯೋ ಕಪ್ಪಾಗಬೇಕು. ಕಪ್ಪಾಗದಿದ್ದರೆ ಸ್ವಿಚ್ ಸಿಕ್ಕಿಕೊಂಡಿದೆ ಅಥವಾ ಬಾಗಿಲು ಪೂರ್ತಿ ಕೂರುತ್ತಿಲ್ಲ. ಹಳೆಯ ಫ್ರಿಜ್‌ಗಳ ತಂತಿ ಬಲ್ಬು ಸಾಮಾನ್ಯವಾಗಿ 15 ವಾಟ್‌ನದು, ಅದರ ಬಹುಪಾಲು ಶಾಖವಾಗಿಯೇ ಹೊರಬರುತ್ತದೆ. ಹಗಲಿರುಳು ಉರಿಯುವ ಅಂಥ ಬಲ್ಬೆಂದರೆ ಫ್ರಿಜ್ಜಿನೊಳಗೆ ಒಂದು ಪುಟ್ಟ ಹೀಟರ್ ಇಟ್ಟಂತೆಯೇ ಸರಿ. ‘ಗ್ಯಾಸ್ ಹೋಗಿದೆ’ ಎಂದು ನನ್ನನ್ನು ಕರೆಸಿದ್ದ ಒಂದು ಮನೆಯಲ್ಲಿ ಮೇಲಿನ ಅರೆಯ ಪದಾರ್ಥಗಳು ಮಾತ್ರ ಕೆಡುತ್ತಿದ್ದವು. ಬಾಗಿಲು ತೆರೆದ ಗಳಿಗೆಯಲ್ಲೇ ಬಲ್ಬಿನ ಗಾಜನ್ನು ಮುಟ್ಟಲು ಹೋಗಿ ನಾನು ಬೆರಳು ಸುಟ್ಟುಕೊಂಡೆ. ಆ ದಿನ ಬದಲಿಸಿದ್ದು ಬಾಗಿಲ ಸ್ವಿಚ್ ಒಂದನ್ನೇ.